ಹೆಸರು ಕಸ್ತೂರಿಯದು, ಮುಖ ಮಹಾದೇವಿಯದು

ಕಳೆದ ಗುರುವಾರ ಬೆಳಿಗ್ಗೆ ಚಹಾ ಕುದಿಯುವ ಹೊತ್ತಿಗೆ ನನ್ನ ಫೋನು ಒಂದು ಸುದ್ದಿ ಹೇಳಿತು. ಕಸ್ತೂರಿ ಕಸ್ತೂರಿಯಲ್ಲವಂತೆ.

ತಮಾಷೆ ಅಲ್ಲ. ಪರದೆಯ ಮೇಲೆ ಇದ್ದದ್ದೇ ಹಾಗೆ. ‘ಹೊನವಾಡ ಕೇಂದ್ರ. ಹೆಸರು: ಕಸ್ತೂರಿ. ಮುಖ ತಾಳೆಯಾಗುತ್ತಿಲ್ಲ. ವಂಚನೆಯ ಶಂಕೆ. ಶನಿವಾರ ಸಂಜೆಯೊಳಗೆ ಕ್ರಮ ಕೈಗೊಳ್ಳಿ.’ ಕೆಳಗೊಂದು ಕೆಂಪು ತ್ರಿಕೋನ. ಅದನ್ನು ನೋಡುತ್ತ ನಿಂತವಳಿಗೆ ಚಹಾ ಉಕ್ಕಿ ಒಲೆ ತುಂಬ ಹರಿದದ್ದೂ ಗೊತ್ತಾಗಲಿಲ್ಲ.

ಈ ಅಂಕಣ ಓದುವ ನಿಮಗೆ ನನ್ನ ಸ್ವಭಾವ ಹೊಸದಲ್ಲ. ಮನೆಗೆ ಬೀಗ ಹಾಕಿ, ಓಣಿ ದಾಟಿ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬಂದು ಬೀಗ ಜಗ್ಗಿ ನೋಡುವವಳು ನಾನು. ಬಸ್ಸಿನಲ್ಲಿ ಕೂತ ಮೇಲೆ ಗ್ಯಾಸ್ ಆಫ್ ಮಾಡಿದೆನಾ ಎಂದು ಮನೆಯವರಿಗೆ ಫೋನ್ ಹಚ್ಚುತ್ತೇನೆ. (ಅವರೀಗ ಫೋನ್ ಎತ್ತಿದ ಕೂಡಲೇ "ಆಫ್ ಐತಿ" ಎಂದು ಇಟ್ಟುಬಿಡುತ್ತಾರೆ. ಹಲೋ ಕೂಡ ಇಲ್ಲ.) ಇಂಥ ಹೆಂಗಸಿನ ಫೋನಿಗೆ ಕೆಂಪು ತ್ರಿಕೋನ ಬರುವ ವ್ಯವಸ್ಥೆ ಮಾಡಿದವರಿಗೆ ಏನೆನ್ನಬೇಕು?

ಮಾಡಿದವರು ನಮ್ಮ ಸಾಹೇಬರು, ನಾನು ಕೆಲಸ ಮಾಡುವ ಕಂಪನಿಯ ಮಾಲೀಕರು. ನಮ್ಮದು ಜೋಳದ ಕಡಕ್ ರೊಟ್ಟಿಯ ಕಂಪನಿ. ಹೆಡ್ ಆಫೀಸು ವಿಜಯಪುರದಲ್ಲಿ. ರೊಟ್ಟಿ ಬಡಿಯುವ ಕೇಂದ್ರಗಳು ಟಿಕೋಟಾ, ಬಬಲೇಶ್ವರ ಮತ್ತು ಹೊನವಾಡದಲ್ಲಿ. (ನಮ್ಮ ಕಡೆ ರೊಟ್ಟಿ ತಟ್ಟುವುದಿಲ್ಲ, ಬಡಿಯುತ್ತೇವೆ. ಆ ಸಪ್ಪಳ ಕೇಳಿದವರು ಯಾಕೆಂದು ಕೇಳುವುದಿಲ್ಲ.) ಬೆಳಿಗ್ಗೆ ಊರ ಹೆಂಗಸರು ಬರುತ್ತಾರೆ, ಎಸರಿಗಿಡುತ್ತಾರೆ, ಹಿಟ್ಟು ನಾದುತ್ತಾರೆ, ಹಂಚು ಕಾಯಿಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಆರಿ, ಗರಿಗರಿಯಾಗಿ, ಪ್ಯಾಕೆಟ್ ಸೇರುತ್ತವೆ. ನಾನು ಇದೆಲ್ಲದರ ಆಪರೇಷನ್ಸ್ ಮ್ಯಾನೇಜರ್. ಎಲ್ಲಿ ಏನೇ ತಪ್ಪಾದರೂ ಮೊದಲ ಫೋನು ನನಗೆ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಪುಣೆಯ ದೊಡ್ಡ ಅಂಗಡಿಗಳವರು ಒಂದು ಬೇಡಿಕೆ ಇಟ್ಟರು. ಪ್ಯಾಕೆಟ್ಟಿನ ಮೇಲೆ ಒಂದು ಕ್ಯೂಆರ್ ಕೋಡ್ ಬೇಕು. ಗಿರಾಕಿ ಅದನ್ನು ಸ್ಕ್ಯಾನ್ ಮಾಡಿದರೆ ರೊಟ್ಟಿ ಯಾವ ಊರಿನದು, ಬಡಿದ ಹೆಣ್ಣುಮಗಳು ಯಾರು ಎಂಬುದು ಫೋಟೋ ಸಮೇತ ಕಾಣಬೇಕು. ಈಗಿನವರಿಗೆ ರೊಟ್ಟಿಯ ಜೊತೆ ಮಾಡಿದವರ ನಗುವೂ ಬೇಕಂತೆ. ಇರಲಿ, ತಪ್ಪೇನಿಲ್ಲ.

ಸಾಹೇಬರು ಹೆದರಿದರು. "ಇದನ್ನ ಮಾಡ್ಲಿಲ್ಲಂದ್ರ ಅವರು ನಮ್ಮನ್ನ ಬಿಡ್ತಾರ್ರಿ ಮೇಡಮ್ಮಾರ. ಅವರು ಬಿಟ್ರ ಮೂರೂ ಕೇಂದ್ರದ ಕದಾ ಹಾಕೂದ," ಎಂದರು. ಅವರ ಹೆದರಿಕೆ ಸುಳ್ಳಲ್ಲ. ಹಾಗಾಗಿ ಹುಬ್ಬಳ್ಳಿಯಿಂದ ನಿಖಿಲ್ ಎಂಬ ಕನ್ಸಲ್ಟಂಟ್ ಬಂದರು. ಅವರ ಹಿಂದೆ ‘ಡಿಜಿಟಲ್ ಟ್ರಾನ್ಸ್‌ಫಾರ್ಮೇಷನ್ ಸ್ಟ್ರಾಟಜಿ’ ಬಂತು. ಗೋಡೆಯ ಮೇಲೆ ಸ್ಲೈಡುಗಳು, ಸ್ಲೈಡುಗಳ ಮೇಲೆ ಬಾಣಗಳು. ಒಂದು ಬಾಣವೂ ಕೆಳಗೆ ಹೋಗುತ್ತಿರಲಿಲ್ಲ. ಕೊನೆಯ ಸ್ಲೈಡಿನಲ್ಲಿ ನನ್ನ ಹೆಸರಿತ್ತು, ಪಕ್ಕದಲ್ಲಿ ‘ಚೇಂಜ್ ಚಾಂಪಿಯನ್’ ಎಂದು ಬರೆದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಂಗೈ ಬೆವರಿತು.

ವ್ಯವಸ್ಥೆ ಹೀಗೆ. ಪ್ರತಿ ಕೇಂದ್ರದ ಗೋಡೆಗೊಂದು ಟ್ಯಾಬ್. ಹೆಂಗಸರು ಬಂದು ಅದರ ಮುಂದೆ ನಿಲ್ಲಬೇಕು. ಅದು ಮುಖ ಗುರುತಿಸಿ, ಹೆಸರು ಹಿಡಿದು ಸ್ವಾಗತ ಕೋರುತ್ತದೆ. ಆಮೇಲೆ ಹಿಟ್ಟಿನ ತಕ್ಕಡಿ ಚಾಲೂ ಆಗುತ್ತದೆ. ಮುಖ ತಾಳೆಯಾಗದಿದ್ದರೆ ತಕ್ಕಡಿ ಬಂದ್, ಹಿಟ್ಟು ಇಲ್ಲ, ಆ ದಿನದ ಕೆಲಸವೂ ಇಲ್ಲ. "ಒಂದು ಹೆಸರು, ಒಂದು ಮುಖ. ಸಿಂಪಲ್ ಮೇಡಂ," ಎಂದಿದ್ದರು ನಿಖಿಲ್.

ಸಾಹೇಬರಿಗೂ ಒಂದು ಲಾಗಿನ್ ಇದೆ. ದೊಡ್ಡ ನಿರ್ಧಾರಗಳಿಗೆಲ್ಲ ಅವರ ಒಪ್ಪಿಗೆಯೇ ಬೇಕು. ಅವರಿಗೆ ಪಿನ್ ನೆನಪಿರುವುದಿಲ್ಲ, ಓಟಿಪಿ ಬಂದರೆ ಕನ್ನಡಕ ಸಿಗುವುದಿಲ್ಲ. ಆದ್ದರಿಂದ ದಿನಾ ಬೆಳಿಗ್ಗೆ ಅವರ ಫೋನು ನನ್ನ ಮೇಜಿಗೆ ಬರುತ್ತದೆ, ಅವರ ಹೆಸರಿನಲ್ಲಿ ನಾನೇ ಒತ್ತುತ್ತೇನೆ. ಇದಕ್ಕೆ ನಿಖಿಲ್ ಅವರ ಭಾಷೆಯಲ್ಲಿ ‘ಡೆಲಿಗೇಷನ್’ ಎನ್ನುತ್ತಾರೆ. (ಸಾಹೇಬರು ಈ ಅಂಕಣವನ್ನೂ ಓದುವುದಿಲ್ಲ. "ಏನ ಬರದೀರಿ, ಒಂದ ಮಾತಿನ್ಯಾಗ ಹೇಳ್ರಿ" ಎನ್ನುತ್ತಾರೆ. ಓದುವುದನ್ನೂ ನನಗೇ ಒಪ್ಪಿಸಿದ್ದಾರೆ.)

ಗುರುವಾರವೇ ನಿಖಿಲ್‌ಗೆ ಫೋನ್ ಮಾಡಿದೆ. "ಪ್ಯಾನಿಕ್ ಆಗಬೇಡಿ ಮೇಡಂ, ಸುಳ್ಳು ಅಲಾರ್ಮ್ ಇದ್ದರೆ ಕಾರಣ ಆರಿಸಿ ಮುಚ್ಚಿ," ಎಂದರು. ಆರಿಸಲು ಹೋದೆ. ಬೆಳಕು ಕಡಿಮೆ. ಕ್ಯಾಮೆರಾ ದೋಷ. ಮುಖಕ್ಕೆ ಗಾಯ. ಹೊಸ ಕನ್ನಡಕ. ಅಷ್ಟೇ ಕಾರಣಗಳು. ‘ಗೊತ್ತಿಲ್ಲ, ನನಗೆ ಭಯವಾಗುತ್ತಿದೆ’ ಎಂಬ ಆಯ್ಕೆ ಇರಲಿಲ್ಲ. ಕ್ರಮ ಕೈಗೊಳ್ಳದೆ ಸುಮ್ಮನಿದ್ದರೆ? "ಶನಿವಾರ ಸಂಜೆ ಆ ಹೆಸರು ತಾನಾಗಿ ಲಾಕ್ ಆಗತ್ತೆ. ಕಾಯ್ತಾ ಇರೋರಲ್ಲಿ ಮುಂದಿನವರಿಗೆ ಜಾಗ ಹೋಗತ್ತೆ."

ಕಸ್ತೂರಿಯ ಜಾಗ! ಕೇಂದ್ರ ಶುರುವಾದ ದಿನದಿಂದ ಕೂತಿರುವ ಜಾಗ ಅದು. ಕಿಟಕಿಯ ಪಕ್ಕದ ಹಂಚು. ಕಸ್ತೂರಿ ಮೊದಲ ರೊಟ್ಟಿ ಬಡಿದ ಮೇಲೆಯೇ ಉಳಿದವರ ಕೈ ಏಳುವುದು. ನಾನು ತಿಂಗಳಿಗೊಮ್ಮೆ ಹೋಗುವವಳು. ಎಲ್ಲರ ಮುಖ ಹೆಸರುಗಳನ್ನು ಕೂಡಿಸಿ ಇಟ್ಟುಕೊಂಡಿಲ್ಲ, ಆದರೆ ಕಸ್ತೂರಿಯನ್ನು ಮರೆಯುವುದು ಹೇಗೆ? ಅಂಥವಳ ಹೆಸರಿನಲ್ಲಿ ವಂಚನೆ? ಶುಕ್ರವಾರವಿಡೀ ಊಟ ಸೇರಲಿಲ್ಲ. ಸೋಮವಾರ ಬೇರೆ ಪುಣೆಯವರು ಬರುವವರಿದ್ದರು. ಮೂರೂ ಕೇಂದ್ರ ಪರದೆಯ ಮೇಲೆ ಹಸಿರಾಗಿ ಕಂಡರೆ ಮಾತ್ರ ಒಪ್ಪಂದ ಮುಂದುವರಿಯುತ್ತದೆ ಎಂದು ಸಾಹೇಬರು ಕಂಡಾಗಲೆಲ್ಲ ನೆನಪಿಸುತ್ತಿದ್ದರು.

ಶನಿವಾರ ಬೆಳಿಗ್ಗೆ ಹೊನವಾಡದ ಬಸ್ ಹತ್ತಿದೆ.

ತೊರವಿ ದಾಟುವವರೆಗೆ ಗ್ಯಾಸಿನ ಚಿಂತೆ. ("ಆಫ್ ಐತಿ.") ಆಮೇಲೆ ಪೂರ್ತಿ ಕಸ್ತೂರಿಯ ಚಿಂತೆ. ಕ್ಯಾಮೆರಾ ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡೆ. ಯಂತ್ರ ಕೆಟ್ಟರೆ ರಿಪೇರಿಯವರಿದ್ದಾರೆ, ಮನುಷ್ಯರು ಕೆಟ್ಟರೆ ಯಾರನ್ನು ಕರೆಯುವುದು? ಟಿಕೋಟಾದಲ್ಲಿ ಬಸ್ ನಿಂತಾಗ ಚಹಾ ಕುಡಿಯೋಣವೆಂದು ಇಳಿದು, ಬಸ್ ಬಿಟ್ಟು ಹೋದರೆ ಎಂದು ಕುಡಿಯದೆ ಹತ್ತಿದೆ.

ಕೇಂದ್ರ ತಲುಪಿದಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳವಿತ್ತು, ಆದರೆ ಲಯ ತಪ್ಪಿತ್ತು. ಕಸ್ತೂರಿ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕೂತಿದ್ದಳು. ಸುಮಾರು ನನ್ನದೇ ವಯಸ್ಸು. ನನ್ನನ್ನು ಕಂಡವಳೇ ಎದ್ದು ಸೆರಗು ಸರಿಮಾಡಿಕೊಂಡಳು.

"ಮೂರ ದಿನಾತ್ರಿ ಅಕ್ಕಾರ, ದಿನಾ ಬರ್ತೇನಿ, ದಿನಾ ಆ ಡಬ್ಬಿ ನನ್ನ ಒಲ್ಲೆ ಅಂತೈತಿ," ಎಂದಳು. "ಹಿಟ್ಟ ಕೊಡವಲ್ತು. ಮನಿಗಿ ಹೋದ್ರ ಮಂದಿ ಏನ್ ತಪ್ಪ ಮಾಡಿದಿ ಅಂತ ಕೇಳ್ತಾರ. ಅದಕ್ಕ ಇಲ್ಲೇ ಕುಂಡರ್ತೇನಿ."

ಒಳಗೆ ಹೋಗಿ ಟ್ಯಾಬ್ ನೋಡಿದೆ. ನನ್ನ ಜೀವಕ್ಕೆ ಒಂದಿಷ್ಟು ಸಮಾಧಾನವಾಯಿತು. ಯಾಕೆಂದರೆ ಆಯುಧ ಪೂಜೆಯಲ್ಲಿ ಹೆಂಗಸರು ಅದನ್ನೂ ಪೂಜಿಸಿದ್ದರು. ಮೇಲೆ ಒಣಗಿದ ಚೆಂಡುಹೂವಿನ ಮಾಲೆ, ಕ್ಯಾಮೆರಾದ ಸುತ್ತ ಕುಂಕುಮ. ಸಿಕ್ಕಿತಲ್ಲ ಕಾರಣ! ಸೆರಗಿನ ತುದಿ ಒದ್ದೆ ಮಾಡಿ ಒರೆಸಿದೆ. ಮತ್ತೆ ಒರೆಸಿದೆ. "ಬಾ ಕಸ್ತೂರಿ, ಈಗ ನಿಲ್ಲು," ಎಂದೆ. ಕಸ್ತೂರಿ ನಿಂತಳು. ಟ್ಯಾಬು ಕೆಂಪಾಯಿತು. ‘ಕ್ಷಮಿಸಿ, ನೀವು ಯಾರೆಂದು ತಿಳಿಯಲಿಲ್ಲ’ ಎಂದು ಅದರೊಳಗಿನ ಹೆಣ್ಣುದನಿ ಬಹಳ ಮರ್ಯಾದೆಯಿಂದ ಹೇಳಿತು.

ಅಷ್ಟರಲ್ಲಿ ಹೊರಗಿನಿಂದ ಒಬ್ಬ ಹೆಂಗಸು ಕೈಯಲ್ಲಿ ಚಹಾದ ಕಿಟ್ಲಿ ಹಿಡಿದು ಒಳಗೆ ಬಂದಳು. ಕಸ್ತೂರಿಗಿಂತ ಸಣ್ಣವಳು, ನಗುಮುಖದವಳು. ಟ್ಯಾಬಿನ ಮುಂದೆ ಹಾಯ್ದದ್ದೇ ತಡ, ಅದು ಹಸಿರಾಗಿ ಉಲಿಯಿತು. ‘ಸ್ವಾಗತ, ಕಸ್ತೂರಿ!’

ಒಳಗಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹಿಟ್ಟಿನ ಕೈ ಬಾಯಿಗೆ ಅಡ್ಡ ಹಿಡಿದು ನಕ್ಕರು. ನಾನು ಮಾತ್ರ ಪರದೆಯನ್ನೂ ಅವಳ ಮುಖವನ್ನೂ ತಿರುತಿರುಗಿ ನೋಡಿದೆ.

"ಯಾರು ಇವಳು?" ಎಂದು ಕೇಳಿದೆ. ದನಿ ನನಗೇ ಗುರುತು ಸಿಗಲಿಲ್ಲ.

"ಮಹಾದೇವಿ ರೀ. ನಮ್ಮ ಬಾಜೂ ಮನಿಯಾಕಿ," ಎಂದಳು ಕಸ್ತೂರಿ. "ನನ್ನ ಮುಯ್ಯಾಳ."

ಮುಯ್ಯಾಳು. ಪೇಟೆಯಲ್ಲಿ ಬೆಳೆದವರಿಗಾಗಿ ಹೇಳುತ್ತೇನೆ. ನಿನ್ನ ಹೊಲದ ಕೆಲಸಕ್ಕೆ ಇಂದು ನಾನು ಬರುತ್ತೇನೆ, ನನ್ನ ಕೆಲಸಕ್ಕೆ ನಾಳೆ ನೀನು ಬಾ. ನಡುವೆ ಕೂಲಿ ಇಲ್ಲ, ಕಾಗದ ಇಲ್ಲ. ಕಳೆ ತೆಗೆಯುವಾಗ, ಜೋಳ ಕಟಾವಿಗೆ, ಮದುವೆಮನೆಯ ಅಡುಗೆಗೆ ನಮ್ಮ ಕಡೆ ಎಲ್ಲ ನಡೆದದ್ದೇ ಹೀಗೆ. ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿಯ ಕಾಲದಲ್ಲಿ ಮಹಾದೇವಿಯ ಮನೆಯ ತುಂಡು ತೋಟಕ್ಕೆ ಆಳು ಸಾಲದಾದಾಗ ರಜೆಯ ದಿನಗಳಲ್ಲೆಲ್ಲ ಕಸ್ತೂರಿ ಹೋಗಿ ದುಡಿದಿದ್ದಳು. ಮುಂದೆ ಕಸ್ತೂರಿಯ ಮಗಳು ಚೊಚ್ಚಲ ಹೆರಿಗೆಗೆಂದು ಬಂದಳು. ದಿನ ತುಂಬುವ ಮೊದಲೇ ವಿಜಯಪುರದ ಆಸ್ಪತ್ರೆಗೆ ಸೇರಿಸಬೇಕಾಯಿತು. ತಾಯಿ ಮಗಳ ಪಕ್ಕ ಕೂತಳು. ಕೇಂದ್ರದಲ್ಲಿ ಕಸ್ತೂರಿಯ ಹಂಚಿನ ಮುಂದೆ ಮಹಾದೇವಿ ಕೂತಳು. ಇಷ್ಟರವರೆಗೆ ಎಲ್ಲವೂ ಸರಿ.

ಆ ದಿನಗಳಲ್ಲೇ ನಿಖಿಲ್ ಗೊತ್ತುಮಾಡಿದ ಏಜೆನ್ಸಿಯವರು ಮುಖ ನೋಂದಣಿಗೆ ಬಂದಿದ್ದರು. ಕಸ್ತೂರಿ ಕೆಲಸಕ್ಕೆ ಮರಳಿದ್ದು ಈ ಗುರುವಾರ.

"ಕಸ್ತೂರಿ ಯಾರು ಅಂತ ಅವರು ಕೂಗಿದ್ರು," ಮಹಾದೇವಿ ಹೇಳಿದಳು. "ಕಸ್ತೂರಕ್ಕ ದವಾಖಾನ್ಯಾಗ ಇದ್ಳು. ಆಕಿ ಬದಲಿ ರೊಟ್ಟಿ ಬಡ್ಯಾಕತ್ತಾಕಿ ನಾ. ಆಕಿ ಬದಲಿ ಫೋಟೋಕ್ಕ ನಿಲ್ಲೂದ ನಂದ ಕೆಲಸ ಅಲ್ಲೇನ್ರಿ? ನಿಂತೆ. ಅವರು ನಗ್ರಿ ಅಂದ್ರು, ನಕ್ಕೆ."

ನೋಡಿದಿರಾ? ಮುಖಕ್ಕೂ ಮುಯ್ಯಿ!

ಇದು ಕೇಳಿ ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಆ ಹುಡುಗಿಯ ಮನಸ್ಸಿನಲ್ಲಿ ಮೋಸದ ಸುಳಿವೂ ಇರಲಿಲ್ಲ. ಗೆಳತಿಯ ಕೆಲಸ ಒಪ್ಪಿಕೊಂಡವಳು ಫೋಟೋವನ್ನು ಮಾತ್ರ ಬಿಟ್ಟರೆ ಅದು ಅರ್ಧ ಕೆಲಸ. ಅವಳ ಪ್ರಕಾರ ಹಾಗೆ ಅರ್ಧಕ್ಕೆ ಬಿಡುವುದೇ ಮೋಸ.

ಪ್ಯಾಕೆಟ್ ಒಂದನ್ನು ತೆಗೆದುಕೊಂಡು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೆ. ‘ಈ ರೊಟ್ಟಿಯನ್ನು ಪ್ರೀತಿಯಿಂದ ಮಾಡಿದವರು: ಕಸ್ತೂರಿ, ಹೊನವಾಡ.’ ಕೆಳಗೆ ತಲೆತುಂಬ ಸೆರಗು ಹೊದ್ದು, ಹಲ್ಲು ಕಾಣುವಂತೆ ನಗುತ್ತಿರುವ ಮಹಾದೇವಿ.

"ಪುಣೆದಾಗ ನನ್ನ ಮಾರಿ ನೋಡಿ ರೊಟ್ಟಿ ತಿಂತಾರಂತಲ್ರಿ?" ಎಂದು ಕೇಳಿದಳು ಅವಳು, ಸ್ವಲ್ಪ ನಾಚಿ.

ಹೊರಗೆ ಬಂದು, ಬೇವಿನ ಗಿಡದ ಕೆಳಗೆ ನಿಂತು ನಿಖಿಲ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಫೋನ್ ಕಟ್ಟಾಯಿತೇನೋ ಎಂದು ಎರಡು ಸಲ ಹಲೋ ಅಂದೆ.

"ಹಾಗಾದರೆ ಇಬ್ಬರಲ್ಲಿ ಫ್ರಾಡ್ ಯಾರು ಮೇಡಂ?"

"ಯಾರೂ ಅಲ್ಲ."

"ಸಿಸ್ಟಮ್‌ನಲ್ಲಿ ಆ ಆಯ್ಕೆ ಇಲ್ಲ."

ನಿಖಿಲ್ ಕೆಟ್ಟವರಲ್ಲ. ಪಾಪ, ಅವರಿಗೂ ಸೋಮವಾರದ ಚಿಂತೆ. ನಿಧಾನವಾಗಿ ವಿವರಿಸಿದರು. ಕ್ಯಾಮೆರಾ ದೋಷವೆಂದು ಮುಚ್ಚಿದರೂ ಹೆಸರಿಗೆ ಅಂಟಿದ ಮುಖ ಬದಲಾಗುವುದಿಲ್ಲ. ಕಸ್ತೂರಿಯ ಹೆಸರು ಲಾಕ್ ಮಾಡಬಹುದು. ಅವಳ ಜಾಗ ಹೋಗುತ್ತದೆ. ಇಲ್ಲವೇ ಮಹಾದೇವಿಯ ಮುಖವನ್ನು ‘ಸೋಗು ಹಾಕಿದ ವ್ಯಕ್ತಿ’ ಎಂದು ಗುರುತು ಮಾಡಬಹುದು. ಆಗ ಕಸ್ತೂರಿ ತನ್ನ ಹೆಸರಿಗೆ ತನ್ನ ಮುಖ ಕೂಡಿಸಿಕೊಳ್ಳಬಹುದು. ಆದರೆ ಗುರುತು ಬಿದ್ದ ಮುಖಕ್ಕೆ ನಮ್ಮ ಯಾವ ಕೇಂದ್ರದಲ್ಲೂ ಮುಂದೆಂದೂ ಕೆಲಸವಿಲ್ಲ. ಅದನ್ನು ಅಳಿಸಲು ಬರುವುದಿಲ್ಲ. "ಅದು ಸೆಕ್ಯುರಿಟಿ ಫೀಚರ್ ಮೇಡಂ," ಎಂದರು, ಹೊಗಳಿಕೆಯ ದನಿಯಲ್ಲಿ.

ಹೊನವಾಡ ಕೇಂದ್ರದಲ್ಲಿ ಜಾಗ ಖಾಲಿಯಾಗಲಿ ಎಂದು ಕಾಯುತ್ತಿರುವವರಲ್ಲಿ ಮೊದಲ ಹೆಸರು ಯಾರದು ಗೊತ್ತೇ? ಮಹಾದೇವಿಯದೇ. ಇನ್ನೊಬ್ಬರ ಹಂಚಿನ ಮುಂದೆ ಕೂತು ಕೈ ಪಳಗಿಸಿಕೊಂಡು, ತನ್ನದೇ ಹಂಚಿಗಾಗಿ ಕಾಯುತ್ತಿರುವವಳು. ನಾನು ಸುಮ್ಮನಿದ್ದರೂ ಅವಳಿಗೆ ಸುಖವಿಲ್ಲ. ಕಸ್ತೂರಿ ಲಾಕ್ ಆಗಿ ಮಹಾದೇವಿಗೆ ಕರೆ ಬಂದರೆ, ಅವಳು ನೋಂದಣಿಗೆ ನಿಂತ ಕ್ಷಣವೇ ಯಂತ್ರ ಕೂಗುತ್ತದೆ: ಈಕೆ ಕಸ್ತೂರಿ!

ಒಬ್ಬಳು ಹೋಗಬೇಕು ಅಥವಾ ಇಬ್ಬರೂ ಹೋಗಬೇಕು. ಅದನ್ನು ನಾನು ಆರಿಸಬೇಕು. ಚೇಂಜ್ ಚಾಂಪಿಯನ್ ಅಂದರೆ ಇದೇ ಏನು?

"ಬೇರೆ ದಾರಿಯೇ ಇಲ್ಲವಾ ನಿಖಿಲ್?" ಎಂದೆ. ಗೋಗರೆದೆ ಅನ್ನಿ.

ಒಂದಿತ್ತು. ಹೇಳಲು ಅವರಿಗೆ ಮನಸ್ಸಿರಲಿಲ್ಲ. ಇಡೀ ಹೊನವಾಡ ಕೇಂದ್ರದ ನೋಂದಣಿಯನ್ನೇ ಅಳಿಸಿ ಹೊಸದಾಗಿ ಶುರು ಮಾಡುವುದು. ಆಗ ಯಾರ ಮುಖವೂ ಯಾರ ಹೆಸರಿನಲ್ಲೂ ಉಳಿಯುವುದಿಲ್ಲ, ಯಾರ ಮೇಲೂ ಕಳಂಕ ಬೀಳುವುದಿಲ್ಲ. ಹೊಸ ನೋಂದಣಿಯಾಗುವವರೆಗೆ ರೊಟ್ಟಿಯನ್ನು ಹಳೆಯ ಪದ್ಧತಿಯಲ್ಲೇ ಮಾಡಬಹುದು. ಆದರೆ ಏಜೆನ್ಸಿಯವರು ಬರುವುದು ಮುಂದಿನ ವಾರ. ಸೋಮವಾರ ಪುಣೆಯವರ ಎದುರು ಪರದೆಯ ಮೇಲೆ ಹೊನವಾಡ ಕೆಂಪಾಗಿರುತ್ತದೆ. "ಅದಕ್ಕೆ ನಿಮ್ಮ ಸಾಹೇಬರ ಒಪ್ಪಿಗೆ ಬೇಕು. ಅವರು ಕೊಡಲ್ಲ ಮೇಡಂ. ನಾನಾದರೂ ಕೊಡಲ್ಲ."

ಒಳಗೆ ಹೋಗಿ ಇಬ್ಬರನ್ನೂ ಕೂರಿಸಿಕೊಂಡು ಇದ್ದದ್ದು ಇದ್ದಂತೆ ಹೇಳಿದೆ. ಅವರ ಬದುಕಿನ ಮಾತು, ಅವರಿಗೆ ಗೊತ್ತಿರಬೇಕಲ್ಲ? ಆಗಷ್ಟೇ ನಕ್ಕಿದ್ದವರೆಲ್ಲ ಕೈ ನಿಲ್ಲಿಸಿದರು. ರೊಟ್ಟಿಯ ಸಪ್ಪಳ ನಿಂತಿತು. ಒಂದು ಹಂಚಿನ ಮೇಲೆ ರೊಟ್ಟಿ ಸೀದು ವಾಸನೆ ಬಂತು.

ಮೊದಲು ಮಾತಾಡಿದವಳು ಮಹಾದೇವಿ. "ನನ್ನ ಮಾರಿಗೇ ಗುರುತ ಹಾಕ್ರಿ ಅಕ್ಕಾರ. ಕಸ್ತೂರಕ್ಕನ ಕೆಲಸ ಅದು. ನಾ ಏನ, ದ್ರಾಕ್ಷಿ ಕೂಲಿಗಿ ಹೋಗ್ತೇನಿ." ಹೇಳುವಾಗ ನಗು ಹಾಗೆಯೇ ಇತ್ತು, ಕಣ್ಣು ಮಾತ್ರ ಕಿಟ್ಲಿಯ ಮೇಲಿತ್ತು.

"ಸುಮ್ಕಿರ ಬೇ," ಕಸ್ತೂರಿ ಗದರಿದಳು. "ನನ್ನ ಮಗಳ ಜೀವಾ ಹೋಗ್ತಿತ್ತು, ನಾ ಆಕಿ ಕಡೆ ಇದ್ದೆ. ನನ್ನ ಕೆಲಸ ಉಳಿಸಿದಾಕಿ ನೀ. ನಿನ್ನ ಮಾರಿಗೆ ಕಳ್ಳಿ ಅಂತ ಸಿಕ್ಕಾ ಹೊಡಿಸಿ, ನಾ ಆ ಹಂಚಿನ ಮುಂದ ಹೆಂಗ ಕೂಡ್ಲಿ?" ನನ್ನ ಕಡೆ ತಿರುಗಿದಳು. "ಅಕ್ಕಾರ, ನನ್ನ ಹೆಸರ ತಗದ ಬಿಡ್ರಿ. ಆದ್ರ ಆಕಿನ್ನ ಮೋಸಗಾತಿ ಅಂತ ಮಾತ್ರ ಬರೀಬ್ಯಾಡ್ರಿ."

"ನಿನ್ನ ಹೆಸರು ತೆಗೆದರೂ ಅವಳಿಗೆ ಆ ಜಾಗ ಸಿಗುವುದಿಲ್ಲವಲ್ಲ ಕಸ್ತೂರಿ," ಎಂದೆ.

"ಹಂಗಂದ್ರ ಏನ್ ನ್ಯಾಯಾ ರೀ ಇದು?"

ಏನು ನ್ಯಾಯ ಅಂತ ನಾನು ಯಾರನ್ನು ಕೇಳಲಿ? ಕಣ್ಣು ತುಂಬಿ ಬಂದವು. ಮ್ಯಾನೇಜರ್ ಅಳಬಾರದೆಂದು ಬಗ್ಗಿ ಸೀರೆಯ ನೆರಿಗೆ ಸರಿಮಾಡಿದೆ. ಹಂಚಿನ ಬಳಿ ಕೂತಿದ್ದ ಹಿರಿಯಳೊಬ್ಬಳು ಮೆಲ್ಲಗೆ ಕೇಳಿದಳು. "ಅಕ್ಕಾರ, ಇನ್ನ ಮುಂದ ನಮಗ ಜ್ವರಾ ಬಂದ್ರ, ಮನ್ಯಾಗ ಸಾವು ನೋವು ಆದ್ರ, ಮುಯ್ಯಾಳ ಕಳಸಾಕ ಬರೂದಿಲ್ಲೇನ್ರಿ?"

ಆ ಪ್ರಶ್ನೆಯನ್ನು ಹಾಗೆಯೇ ಬರೆದುಕೊಂಡೆ. (ನಿಖಿಲ್‌ಗೆ ಬರೆದು ಕೇಳಿದ್ದೇನೆ. ‘ಒಳ್ಳೆಯ ಸಲಹೆ, ಎರಡನೇ ಹಂತದಲ್ಲಿ ನೋಡೋಣ’ ಎಂದು ಉತ್ತರ ಬಂದಿದೆ. ಜ್ವರವೂ ಎರಡನೇ ಹಂತದವರೆಗೆ ಕಾಯಬೇಕು.)

ಸಾಹೇಬರು ಆ ದಿನ ಬಬಲೇಶ್ವರದಲ್ಲಿ ಬಂಧುಗಳ ಮದುವೆಯಲ್ಲಿದ್ದರು. ಫೋನ್ ಮಾಡಿದರೆ ಬ್ಯಾಂಡಿನ ಸದ್ದಿನಲ್ಲಿ ಏನೂ ಕೇಳಲಿಲ್ಲ. ನೇರ ಹೋಗುವುದೇ ಸರಿ ಎಂದು ಟಿಕೋಟಾಕ್ಕೆ ಬಂದು ಅಲ್ಲಿಂದ ಬಬಲೇಶ್ವರದ ಬಸ್ ಹಿಡಿದೆ. ದಾರಿಯುದ್ದಕ್ಕೂ ಫೋನಿನಲ್ಲಿ ಗಡಿಯಾರ ನೋಡುವುದೇ ಕೆಲಸ. ಸಂಜೆ ಅಂದರೆ ಎಷ್ಟು ಗಂಟೆ? ಐದಾ? ಆರಾ? ಯಂತ್ರಕ್ಕೆ ಸಂಜೆ ಆಗುವುದು ಯಾವಾಗ ಎಂದು ಕೇಳಲು ಮರೆತಿದ್ದೆ. ಮತ್ತೆ ನಿಖಿಲ್‌ಗೆ ಫೋನ್ ಮಾಡಲು ಮುಜುಗರ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಒಂದು ಹೆಸರು, ಒಂದು ಮುಖ. ಯಾರ ಮನೆಯಲ್ಲಿದೆ ಹೇಳಿ? ನಮ್ಮ ಮನೆಯ ಕರೆಂಟ್ ಬಿಲ್ಲು ಇಂದಿಗೂ ಬರುವುದು ತೀರಿಹೋದ ಮಾವನವರ ಹೆಸರಿಗೆ. ಗ್ಯಾಸ್ ಸಿಲಿಂಡರು ಅತ್ತೆಯ ಹೆಸರಿಗೆ. ನನ್ನ ಬ್ಯಾಂಕಿನ ಮೆಸೇಜು ಹೋಗುವುದು ಮನೆಯವರ ನಂಬರಿಗೆ. ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರು ನಿಂತೇ ನಮ್ಮ ಸಂಸಾರಗಳು ನಡೆದಿವೆಯಲ್ಲ? ಅದನ್ನು ಬಿಡಿಸಿ ಬೇರೆ ಮಾಡಲು ಹೊರಟರೆ ಮೊದಲು ಕಳ್ಳರಾಗುವವರು ಯಾರು? ಹೊನವಾಡದ ಮಹಾದೇವಿಯೇ ಏಕೆ?

ಕಲ್ಯಾಣ ಮಂಟಪದಲ್ಲಿ ಊಟದ ಪಂಕ್ತಿ ನಡೆದಿತ್ತು. ಸಾಹೇಬರು ಸಾಲಿನ ನಡುವೆ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು. "ಏನಾತ್ರಿ ಮೇಡಮ್ಮಾರ? ಎಲ್ಲಾ ಆರಾಮ ಅದಾರಿಲ್ಲೋ? ಬರ್ರಿ, ಕುಂದರ್ರಿ, ಉಣ್ರಿ."

ಅವರ ಪಕ್ಕದಲ್ಲಿ ಕೂತೆ. ಎಲೆ ಬಂತು. ಉಣ್ಣುವ ನೆಪದಲ್ಲಿ ಕಸ್ತೂರಿ, ಮಹಾದೇವಿ, ಆಸ್ಪತ್ರೆ, ಮುಯ್ಯಿ, 'ಸೋಗು ಹಾಕಿದ ವ್ಯಕ್ತಿ' ಎಲ್ಲವನ್ನೂ ಹೇಳಿದೆ. ಹೊನವಾಡವನ್ನು ಪೂರ್ತಿ ಅಳಿಸುವ ಮೂರನೆಯ ದಾರಿಯನ್ನೂ ಹೇಳಿದೆ. ಕೇಳಿದರೋ ಇಲ್ಲವೋ. ನಡುನಡುವೆ ಯಾರೋ ಬಂದು ನಮಸ್ಕಾರ ಹೇಳುತ್ತಿದ್ದರು, ಇವರು ಎಡಗೈ ಎತ್ತುತ್ತಿದ್ದರು.

"ನೋಡ್ರಿ," ಎಂದರು ಕೊನೆಗೆ. "ನನಗೂ ಕರುಳ ಐತಿ. ಹೊನವಾಡದ ಮಂದಿ ನಮ್ಮ ಮಂದಿ. ಆದ್ರ ಒಬ್ಬರ ಹೆಸರಲೆ ಇನ್ನೊಬ್ಬರು ಕೆಲಸ ಮಾಡೂದು ಅಂದ್ರ ಅದು ಮೋಸನ ಅಲ್ಲೇನ್ರಿ? ಇವತ್ತ ಒಬ್ಬಾಕಿನ್ನ ಬಿಟ್ರ ನಾಳೆ ಎಲ್ಲಾರನ್ನೂ ಬಿಡಬೇಕಾಗ್ತೈತಿ. ರೂಲ್ ಅಂದ್ರ ರೂಲ್."

ಆಗಲೇ ಅವರ ಜೇಬಿನಲ್ಲಿ ಫೋನು ಗುಂಯ್ ಎಂದಿತು. ಎಡಗೈಯಿಂದ ಕಷ್ಟಪಟ್ಟು ತೆಗೆದರು. ಕನ್ನಡಕ ಇರಲಿಲ್ಲ. ಕಣ್ಣು ಕಿರಿದು ಮಾಡಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ನನ್ನ ಮುಂದೆ ಚಾಚಿದರು.

"ಅದ ಬಂದೈತಿ ಕಾಣಸ್ತದ. ನನ್ನ ಕೈ ತುಪ್ಪ ಆಗೇದ. ನನ್ನ ಹೆಸರಲೆ ನೀವ ಒತ್ತಿ ಬಿಡ್ರಿ. ದಿನಾ ಒತ್ತೋರು ನೀವ ಅಲ್ಲೇನು?"

ಫೋನು ಕೈಗೆ ಬಂತು. ಪರದೆಯ ಮೇಲೆ ಅವರ ಹೆಸರು, ಪಕ್ಕದಲ್ಲಿ ಅವರ ಫೋಟೋ, ಕೆಳಗೆ ‘ಹೊನವಾಡ ಕೇಂದ್ರ: ನಿಮ್ಮ ನಿರ್ಧಾರವೇನು?’ ಎಂಬ ಪ್ರಶ್ನೆ, ಅದರಡಿ ಮೂರೂ ದಾರಿಗಳು. ಹಿಡಿದಿದ್ದ ಬೆರಳು ಮಾತ್ರ ನನ್ನದು. ನಾನು ಸಾಹೇಬರ ಮುಖ ನೋಡಿದೆ. ತಾವು ಈಗಷ್ಟೇ ಏನು ಹೇಳಿದರು, ಈಗ ಏನು ಮಾಡುತ್ತಿದ್ದಾರೆ ಎಂಬುದು ಅವರಿಗೆ ಹೊಳೆದಿರಬಹುದೇ ಎಂದು ಹುಡುಕಿದೆ. ಅವರು ಹೋಳಿಗೆ ಮುರಿಯುತ್ತಿದ್ದರು.

"ಯಾವುದು ಒತ್ತಲಿ ಸರ್?" ಎಂದು ಕೇಳಿದೆ. ಕೇಳಿದ್ದೇನೆ, ನೀವೇ ಸಾಕ್ಷಿ.

"ಯಾವದರೆ ಒತ್ರಿ, ಒಟ್ಟ ಕೇಸ್ ಮುಗಸ್ರಿ," ಎಂದರು.

ನನ್ನ ಜೀವಮಾನದಲ್ಲಿ ನಾನು ಬೇಗ ನಿರ್ಧಾರ ಮಾಡಿದ್ದಿಲ್ಲ. ಸೀರೆ ಅಂಗಡಿಯಲ್ಲಿ ನನ್ನ ಜೊತೆ ಬಂದವರನ್ನು ಕೇಳಿ. ಆದರೆ ಆ ಹೊತ್ತು ಕಣ್ಣ ಮುಂದೆ ಬಂದದ್ದು ಪುಣೆಯವರಲ್ಲ, ಬಾಣಗಳಲ್ಲ. ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕೂತ ಕಸ್ತೂರಿ, ಕಿಟ್ಲಿಯ ಮೇಲೆ ಕಣ್ಣಿಟ್ಟು ನಗುತ್ತಿದ್ದ ಮಹಾದೇವಿ. ಮೂರನೆಯದನ್ನು ಒತ್ತಿದೆ. ‘ಖಚಿತವೇ?’ ಎಂದು ಕೇಳಿತು. ಪಿನ್ ಹಾಕಿದೆ. ಓಟಿಪಿ ಬಂತು, ಅದನ್ನೂ ಹಾಕಿದೆ. ಹೊನವಾಡ ಕೇಂದ್ರದ ಎಲ್ಲ ಮುಖಗಳೂ ಅಳಿಸಿಹೋದವು. ಪರದೆ ಕೆಂಪಾಯಿತು. ಫೋನನ್ನು ಸಾಹೇಬರ ಸಾರಿನ ಬಟ್ಟಲಿನ ಪಕ್ಕ ಮೆಲ್ಲಗೆ ಇಟ್ಟೆ.

"ಮುಗೀತ್ರಿ?" ಎಂದರು.

"ಮುಗೀತು ಸರ್."

"ಶಾಬಾಸ್. ಇನ್ನೊಂದ ಹೋಳಿಗಿ ಹಾಕಿಸ್ಕೋರಿ."

ಹಾಕಿಸಿಕೊಂಡೆ. ಎಲೆಯಲ್ಲೇ ಬಿಟ್ಟು ಎದ್ದೆ. ಮಂಟಪದ ಹೊರಗೆ ಬಂದು ಕಸ್ತೂರಿಗೆ ಫೋನ್ ಮಾಡಿದೆ. ಹೊಸದಾಗಿ ಫೋಟೋ ತೆಗೆಯಲು ಬರುತ್ತಾರೆ, ಅಲ್ಲಿಯವರೆಗೆ ತಕ್ಕಡಿಯ ಹಂಗಿಲ್ಲದೆ ನಿನ್ನ ಜಾಗದಲ್ಲಿ ಕೂರು, ಫೋಟೋದ ದಿನ ಮಾತ್ರ ನೀನೇ ಬರಬೇಕು ಎಂದೆ. ಆ ಕಡೆ ಮೂಗು ಸೀಟುವ ಸದ್ದು ಕೇಳಿತು. "ಮತ್ತ ನಿಮಗೇನೂ ಆಗೂದಿಲ್ಲಲ್ರಿ ಅಕ್ಕಾರ?" ಎಂದು ಕೇಳಿದಳು. ಆ ದಿನ ಆ ಪ್ರಶ್ನೆಯನ್ನು ನನಗೆ ಕೇಳಿದವಳು ಅವಳೊಬ್ಬಳೇ.

ಏನಾಗುತ್ತದೋ ಗೊತ್ತಿಲ್ಲ ಕಸ್ತೂರಿ. ಪುಣೆಯವರು ಎದ್ದು ಹೋದರೆ? ಮೂರೂ ಕೇಂದ್ರಗಳಿಗೆ ಪೆಟ್ಟು ಬಿದ್ದರೆ? ಇಬ್ಬರನ್ನು ಉಳಿಸಲು ಹೋಗಿ ಎಲ್ಲರನ್ನೂ ಮುಳುಗಿಸಿದೆನೇನೋ? ಭಾನುವಾರವಿಡೀ ಇದೇ ತಲೆಯಲ್ಲಿ. ಮನೆಯ ಬೀಗವನ್ನು ಎಷ್ಟು ಸಲ ಜಗ್ಗಿದೆನೋ ಲೆಕ್ಕವಿಲ್ಲ. ಅದೂ ಒಳಗಿನಿಂದ.

ನೀವು ಇದನ್ನು ಓದುವ ಹೊತ್ತಿಗೆ ಸೋಮವಾರ ಬೆಳಗಾಗಿರುತ್ತದೆ. ಇನ್ನು ಸ್ವಲ್ಪ ಹೊತ್ತಿಗೆ ಮೀಟಿಂಗು. ಪುಣೆಯವರು ಕೂತಿರುತ್ತಾರೆ, ನಿಖಿಲ್ ಪರದೆ ಬೆಳಗಿಸುತ್ತಾರೆ. ಟಿಕೋಟಾ ಹಸಿರು. ಬಬಲೇಶ್ವರ ಹಸಿರು. ಹೊನವಾಡ ಕೆಂಪು. ಸಾಹೇಬರು ಕನ್ನಡಕ ಹುಡುಕಿ, ಹಾಕಿಕೊಂಡು, ಪರದೆ ನೋಡಿ, ನನ್ನ ಕಡೆ ತಿರುಗುತ್ತಾರೆ. "ಇದನ್ನ ಯಾರ ಒತ್ಯಾರ್ರಿ?" ಎನ್ನುತ್ತಾರೆ.

ಉತ್ತರ ಬಾಯಿಪಾಠ ಮಾಡಿಕೊಂಡಿದ್ದೇನೆ, ಹೇಳುವಾಗ ದನಿ ನಡುಗದಿದ್ದರೆ ಸಾಕು.

ಸಿಸ್ಟಮ್ ಪ್ರಕಾರ, ನೀವೇ ಸರ್.